ಸನ್ನೆ ಕೋವಿ, ಜಗ್ಗು ಕೋವಿ ಮತ್ತು ಜವರಯ್ಯನ ರುಮಾಲು

ಎಲ್ಲ ಅನರ್ಥಕ್ಕೂ ಮೂಲ ಒಂದು ಕಬ್ಬಿಣದ ಕಡ್ಡಿ. ಹಳೆಯ ಕೇಪಿನ ಕೋವಿಯ ಬಾಯೊಳಗೆ ಮದ್ದು, ಗುಂಡು ತುಂಬಿ ಜಡಿಯುತ್ತಾರಲ್ಲ, ಆ ಕಡ್ಡಿ. ಜಡಿದ ಮೇಲೆ ಅದನ್ನು ಹೊರಗೆ ತೆಗೆಯಬೇಕು ಅನ್ನುವುದು ಕೋವಿ ಹಿಡಿದವರಿಗೆಲ್ಲ ಗೊತ್ತು. ಬೇಲದಹುಂಡಿಯ ಜವರಯ್ಯನಿಗೂ ಗೊತ್ತಿತ್ತು. ಆದರೆ ಹೋದ ವರ್ಷದ ಬೇಟೆಯಲ್ಲಿ ಜಿಂಕೆ ಕಂಡ ಸಂಭ್ರಮಕ್ಕೆ ಮರೆತುಹೋಯಿತು. ಬೆರಳಿಟ್ಟು ಕೋವಿಯ ಕುದುರೆ ಎಳೆದ. ಜಿಂಕೆ ನಿಂತಲ್ಲೇ ನಿಂತು ನೋಡಿತು. ಕಡ್ಡಿ ಮಾತ್ರ ಸುಯ್ಯೆಂದು ಹಾರಿ, ಪಕ್ಕದ ಪೊದೆಯಲ್ಲಿ ಕೂತಿದ್ದ ದೊಡ್ಡಸಿದ್ದಯ್ಯನ ರುಮಾಲನ್ನು ತಲೆಯಿಂದ ಕಿತ್ತುಕೊಂಡು ಹೋಗಿ ಮತ್ತಿಮರಕ್ಕೆ ನೆಟ್ಟುಕೊಂಡಿತು.

ದೊಡ್ಡಸಿದ್ದಯ್ಯ ಊರಿಗೆಲ್ಲ ಹಿರಿಯ ಬೇಟೆಗಾರ. ತಲೆ ಮುಟ್ಟಿ ನೋಡಿಕೊಂಡು, ತಲೆ ಇನ್ನೂ ಇದೆ ಎಂದು ಖಾತ್ರಿಯಾದ ಮೇಲೆ ಹೇಳಿದ: "ಬ್ಯಾಟೆ ಚೆಂದಾಗಾಯ್ತು ಕಣ್ಲಾ ಜವರ. ನಿನ್ನೆಂಡ್ರಿಗೆ ಯೇಳು, ರುಮಾಲಿಗೆ ಮಸಾಲೆ ಅರೀಲಿ."

ಬೇಟೆಗೆ ಬಂದಿದ್ದವರೆಲ್ಲ ನೆಲಕ್ಕೆ ಬಿದ್ದು ನಕ್ಕರು. ಜವರಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ತಲೆಯ ರುಮಾಲನ್ನೂ ಬಿಚ್ಚಿ ಬಿಸಾಕಿ ಕೂಗಿದ: "ಜಿಂಕೆ ಒಡೆಯೋಗಂಟ ಈ ತಲೆಗೆ ರುಮಾಲು ಸುತ್ತಿದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ! ಮಾರಮ್ಮನಾಣೆ!"

ಬೇರೆಯವರಾಗಿದ್ದರೆ ವಾರ ಕಳೆಯುವುದರೊಳಗೆ ಒಂದು ಕೋಳಿ ಕೊಯ್ದು ಅಮ್ಮನ ಹತ್ತಿರ ತಪ್ಪುಕಾಣಿಕೆ ಮುಗಿಸಿಬಿಡುತ್ತಿದ್ದರು. ಜವರಯ್ಯನದು ಅಂಥ ಜಾಯಮಾನವಲ್ಲ. ಹಿಂದೊಮ್ಮೆ ಎತ್ತು ಮೊಂಡು ಹಿಡಿಯಿತು ಎಂದು ತಾನೂ ಮೊಂಡು ಹಿಡಿದು ಇಡೀ ಹೊಲವನ್ನು ಗುದ್ದಲಿಯಲ್ಲಿ ಅಗೆದವನು ಅವನು. ವರ್ಷವೆಲ್ಲ ಸಂತೆಗೆ, ಮದುವೆಗೆ, ಅಮಲ್ದಾರರ ಕಚೇರಿಗೆ ಬರಿದಲೆಯಲ್ಲೇ ಹೋದ. ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ ಅವನನ್ನು ಬರಿದಲೆ ಜವರಯ್ಯ ಎಂದರೆ ಮಾತ್ರ ಜನಕ್ಕೆ ಗುರುತು ಸಿಗುವ ಹಾಗಾಯಿತು.

ಅಷ್ಟರಲ್ಲಿ ಮಗಳು ಮುತ್ತಮ್ಮನಿಗೆ ಬನ್ನೂರಿನಿಂದ ಒಳ್ಳೆಯ ಸಂಬಂಧ ಬಂತು. ನೀರಾವರಿ ಗದ್ದೆ, ಕಬ್ಬಿನ ಗಾಣ, ಸಿಡುಕದ ಅತ್ತೆ. ಹುಡುಗನ ತಂದೆ ಕರಿಯಪ್ಪ ಎಲ್ಲಕ್ಕೂ ಒಪ್ಪಿದ. ಒಂದಕ್ಕೆ ಮಾತ್ರ ಒಪ್ಪಲಿಲ್ಲ. "ಬರಿದಲೇಲಿ ಕುಂತು ವೀಳ್ಯ ಕೊಡೋದು ಸಾವಿನ ಮನೇಲಿ. ನೀವು ತಲೆಗೆ ರುಮಾಲು ಸುತ್ತಿ ವೀಳ್ಯ ಕೊಡಿ, ಈಸ್ಕೋತೀನಿ. ಹೊಸತೊಡಕಿನ ಸಂದೆಗೆ ಬತ್ತೀನಿ. ಆವತ್ತೂ ರುಮಾಲಿಲ್ದಿದ್ರೆ ಬೇರೆ ಕಡೆ ಎಣ್ಣು ನೋಡ್ಕೋತೀವಿ," ಅಂದುಬಿಟ್ಟ.

ಹೊಸತೊಡಕು ಅಂದರೆ ಯುಗಾದಿಯ ಮಾರನೆಯ ದಿನ. ಹಬ್ಬದಲ್ಲಿ ಹೋಳಿಗೆ ತಿಂದ ಬಾಯಿಗೆ ಅಂದು ಬಾಡು ಬೀಳಲೇಬೇಕು. ಊರ ಗಂಡಸರೆಲ್ಲ ಕಾಡಿಗೆ ಬೇಟೆಗೆ ಹೋಗುವುದೂ ಅಂದೇ. ಹಾಗಾಗಿ ಜವರಯ್ಯನಿಗೆ ಇದ್ದದ್ದು ಅದೊಂದೇ ಹಗಲು.

ಹಗಲು ಒಂದೇ ಆದರೂ ಕೋವಿ ಎರಡಿದ್ದವು. ತೊಂದರೆ ಶುರುವಾದದ್ದೇ ಅಲ್ಲಿ.

ನಂಜನಗೂಡಿನ ಹುಣಸೆಹಣ್ಣಿನ ವ್ಯಾಪಾರಿ ಶಂಭುಲಿಂಗಪ್ಪನವರು, ವಿಲಾಯತಿಗೆ ಹೊರಟ ಒಬ್ಬ ಬಿಳಿ ದೊರೆಯ ಮನೆಸಾಮಾನನ್ನೆಲ್ಲ ಒಟ್ಟಿಗೆ ಕೊಂಡಿದ್ದರು. ಕುರ್ಚಿ, ಮೇಜು, ಸ್ನಾನದ ತೊಟ್ಟಿಯ ಜೊತೆಗೆ ಎರಡು ಕೋವಿಗಳೂ ಬಂದುಬಿಟ್ಟವು. ಎರಡಕ್ಕೂ ಕಡ್ಡಿಯ ಕಾಟವಿಲ್ಲ. ಹೊಟ್ಟೆಯೊಳಗೆ ತೋಟಾಗಳನ್ನು ಸಾಲಾಗಿ ತುಂಬಿಕೊಂಡು ಒಂದಾದ ಮೇಲೊಂದು ಹೊಡೆಯಬಹುದು. ಒಂದಕ್ಕೆ ಹಿಡಿಯ ಕೆಳಗೆ ಬಳೆಯ ಹಾಗೆ ಒಂದು ಕಬ್ಬಿಣದ ಸನ್ನೆ. ಅದನ್ನು ಕೆಳಕ್ಕೆ ಒತ್ತಿ ಮೇಲಕ್ಕೆ ತಂದರೆ ಸುಟ್ಟ ತೋಟಾ ಆಚೆಗೆ, ಹೊಸದು ಒಳಕ್ಕೆ. ಅದು ಸನ್ನೆ ಕೋವಿ. ಇನ್ನೊಂದಕ್ಕೆ ನಳಿಗೆಯ ಕೆಳಗೆ ಮರದ ಹಿಡಿ. ಅದನ್ನು ಎಡಗೈಯಲ್ಲಿ ಹಿಂದಕ್ಕೆ ಜಗ್ಗಿ ಮುಂದಕ್ಕೆ ನೂಕಿದರೆ ಅದೇ ಕೆಲಸ. ಅದು ಜಗ್ಗು ಕೋವಿ. ಎರಡಕ್ಕೂ ಒಂದೇ ಬಗೆಯ ತೋಟಾ.

ಶಂಭುಲಿಂಗಪ್ಪನವರು ಲಿಂಗವಂತರು, ಮೊಟ್ಟೆ ಒಡೆದ ಸದ್ದಿಗೂ ಕಿವಿ ಮುಚ್ಚುವವರು. ಕೋವಿಗಳನ್ನು ತೋರಿಸುವಾಗ ಹೆಗಲ ವಸ್ತ್ರವನ್ನು ಕೈಗೆ ಸುತ್ತಿಕೊಂಡು ತೋರಿಸುತ್ತಿದ್ದರು. ಆದರೆ ವ್ಯಾಪಾರ ವ್ಯಾಪಾರವೇ. "ಇದಕ್ಕಿಂತ ಅದು ಮೇಲು, ಅದಕ್ಕಿಂತ ಇದು ಮೇಲು ಕಣ್ರೀ ಗೌಡ್ರೇ," ಎನ್ನುತ್ತಿದ್ದರು. ಜವರಯ್ಯ ಸಂತೆ ಸಂತೆಗೂ ಹೋಗಿ ಸನ್ನೆ ಒತ್ತುವನು, ಹಿಡಿ ಜಗ್ಗುವನು, ತಲೆ ಕೆರೆದುಕೊಳ್ಳುವನು, ಹುಣಸೆಹಣ್ಣು ಕೊಂಡು ಮನೆಗೆ ಬರುವನು. ಮನೆಯಲ್ಲಿ ಮೂರು ವರ್ಷಕ್ಕಾಗುವಷ್ಟು ಹುಣಸೆಹಣ್ಣು ಸೇರಿತೇ ಹೊರತು ಕೋವಿ ಬರಲಿಲ್ಲ.

ಕೊನೆಗೆ ಜವರಯ್ಯ ಗಟ್ಟಿಮನಸ್ಸು ಮಾಡಿದ. "ಎತ್ತು ಕೊಳ್ಳೋವಾಗ ಒಂದಿನ ಹೂಡಿ, ಗೇಮೆ ನೋಡಿ ಕೊಳ್ತೀವಿ. ಕೋವೀಗೂ ಅದೇ ನ್ಯಾಯ ಆಗ್ಬೇಕು ಸಾವ್ಕಾರ್ರೇ. ಎರಡನ್ನೂ ಕೊಡಿ. ಹೊಸತೊಡಕು ಕಳೆದ ಮಾರನೇ ದಿನ ಒಂದಿಟ್ಕೊಂಡು ಒಂದು ತಂದ್ಕೊಡ್ತೀನಿ."

ಶಂಭುಲಿಂಗಪ್ಪನವರು ಯೋಚಿಸಿದರು. "ಆಗಲಿ ಗೌಡ್ರೇ. ಆದ್ರೆ ಜೀವ ತೆಗೆದ ಕೋವೀನ ನಾನು ವಾಪಸ್ ಮುಟ್ಟೋದಿಲ್ಲ. ಯಾವುದು ಜಿಂಕೆ ಕೊಲ್ಲುತ್ತೋ ಅದನ್ನು ನೀವು ಇಟ್ಕೊಳ್ಳಿ. ಶುದ್ಧವಾಗಿರೋದು ನನಗೆ ಬರಲಿ."

ಹೀಗೆ ಎರಡು ಕೋವಿಗಳು ಹುಲ್ಲಿನ ಹೊರೆಯ ನಡುವೆ ಮಲಗಿ ಗಾಡಿಯಲ್ಲಿ ಬೇಲದಹುಂಡಿಗೆ ಬಂದವು.

ಹೊಸತೊಡಕಿನ ಬೆಳಗ್ಗೆ ಜವರಯ್ಯನ ಮನೆಯಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಾಪೆಯ ಮೇಲೆ ಕೋವಿಗಳನ್ನು ಮಲಗಿಸಿದ್ದರು, ಸುತ್ತ ಜನ ದನದ ಜಾತ್ರೆಯಲ್ಲಿ ನಿಂತ ಹಾಗೆ ನಿಂತಿದ್ದರು. ದೊಡ್ಡಸಿದ್ದಯ್ಯ ಬಗ್ಗಿ ಎರಡನ್ನೂ ಮುಟ್ಟಿ, ತಟ್ಟಿ, ಮೂಸಿ ನೋಡಿದ. ಸನ್ನೆ ಕೋವಿಯ ಮರದ ಹಿಂಬದಿಯನ್ನು ಬೆರಳಲ್ಲಿ ಸವರಿ ಥಟ್ಟನೆ ಕೈ ತೆಗೆದ.

"ಸುಳಿ ಅದೆ ಕಣ್ಲಾ ಇದ್ರಲ್ಲಿ!"

ನಿಜಕ್ಕೂ ಮರದ ಗೆರೆಗಳು ಅಲ್ಲಿ ಸುತ್ತಿಕೊಂಡು ಒಂದು ಸುಳಿ ಮೂಡಿತ್ತು. "ಹಿಂಬದೀಲಿ ಸುಳಿ ಇರೋ ಎತ್ತು ಕೊಂಡೋನು ಉದ್ಧಾರ ಆದದ್ದು ಎಲ್ಲಾದ್ರೂ ಕಂಡಿದ್ದೀರಾ? ಜಗ್ಗು ಕೋವೀನೇ ಸರಿ. ನೋಡು, ಮರ ಎಷ್ಟು ಸಾಪಾಗದೆ. ಜಗ್ಗುವಾಗ ಬಲಗೈ ಅಲ್ಲಾಡೋದೇ ಬ್ಯಾಡ, ಇಟ್ಟ ಗುರಿ ಇಟ್ಟಂಗೇ ಇರ್ತದೆ."

ಜವರಯ್ಯನ ಭಾವಮೈದ ಕಲ್ಲಯ್ಯ ಸುಮ್ಮನಿರುವವನಲ್ಲ. ಒಂದು ಸಲ ಮೈಸೂರಿಗೆ ಹೋಗಿ ಕರೆಂಟು ದೀಪ ನೋಡಿಕೊಂಡು ಬಂದ ಮೇಲೆ ಲೋಕದ ಯಂತ್ರಗಳೆಲ್ಲ ತನಗೆ ತಿಳಿದಿವೆ ಎಂದು ನಂಬಿದ್ದ. "ಎತ್ತಿಗೂ ಕೋವೀಗೂ ಏನ್ ಸಂಬಂಧ ಸಿದ್ದಣ್ಣ? ಭಾವ, ನೀನು ಸನ್ನೆ ಕೋವೀನೇ ಇಡಿ. ಇದ್ರ ಸನ್ನೆ ಗಟ್ಟಿ ಕಬ್ಣ. ಜಗ್ಗು ಕೋವಿ ಹಿಡಿ ಅಲ್ಲಾಡ್ತದೆ. ಕಾಡಲ್ಲಿ ಸದ್ದು ಮಾಡಿದ್ರೆ ಜಿಂಕೆ ನಿಂತ್ಕೊಂಡು ಆರತಿ ಎತ್ತಿಸ್ಕೊಂಡು ಓಗ್ತದಾ?"

ಅಂಗಳ ಎರಡು ಪಕ್ಷವಾಯಿತು. ಸನ್ನೆಯವರು ಒಂದು ಕಡೆ, ಜಗ್ಗಿನವರು ಒಂದು ಕಡೆ. ಹೊತ್ತು ಏರಿದ್ದು ಯಾರಿಗೂ ತಿಳಿಯಲಿಲ್ಲ. ಜವರಯ್ಯನ ಹೆಂಡತಿ ಚಿನ್ನಮ್ಮ ಒಳಗೆ ಬಾಡಿಗೆಂದು ಮಸಾಲೆ ಅರೆಯುತ್ತಿದ್ದವಳು ಗುಂಡುಕಲ್ಲು ಬಿಟ್ಟು ಹೊರಗೆ ಬಂದಳು.

"ಇದ್ರಲ್ಲಿ ಒಡೆದ್ರೆ ಸ್ವರ್ಗಕ್ಕೋಗ್ತದೆ, ಅದ್ರಲ್ಲಿ ಒಡೆದ್ರೆ ನರಕಕ್ಕೋಗ್ತದಾ ಜಿಂಕೆ? ಬೀಗ್ರು ಬನ್ನೂರು ಬುಟ್ಟಿರ್ತಾರೆ ಇಷ್ಟೊತ್ಗೆ. ಎದ್ದೋಗ್ರಪ್ಪ!"

ಅವಳು ಕೆಂಪಂಚಿನ ಹೊಸ ರುಮಾಲೊಂದನ್ನು ಮಡಿಸಿ ತಮ್ಮನ ಕೈಗೆ ಕೊಟ್ಟಳು. "ಜಿಂಕೆ ಬಿದ್ದ ಗಳಿಗೇಲೇ ನಿಮ್ಮ ಭಾವಂಗೆ ಇದ ಸುತ್ತಿ ಕರ್ಕೊಂಡ್ ಬಾ ಕಲ್ಲ. ಬರಿದಲೇಲಿ ಊರೊಳಕ್ಕೆ ಬುಟ್ಕೋಬ್ಯಾಡ." ಜವರಯ್ಯ ಅವಳ ಮುಖ ನೋಡಿದ, ಬಾಗಿಲ ಹಿಂದೆ ನಿಂತಿದ್ದ ಮಗಳ ಮುಖ ನೋಡಿದ. ಎರಡು ಕೋವಿಗಳನ್ನೂ ಎರಡು ಹೆಗಲಿಗೆ ಏರಿಸಿ, ಅಡ್ಡೆ ಹೊತ್ತವನ ಹಾಗೆ ಮುಂದೆ ಮುಂದೆ ನಡೆದ.

ಕಾಡು ಊರಿಗೆ ತೆಂಕಲಾಗಿ ಹರಿದಾರಿ ದೂರ. ಕಾಡಿನ ನಡುವೆ ಒಂದು ಹಳ್ಳ. ಹಳ್ಳದ ಈಚೆಯ ಕಾಡಲ್ಲಿ ಲೈಸೆನ್ಸಿದ್ದವರು ಬೇಟೆಯಾಡಬಹುದು. ಆಚೆಯದು ಸರ್ಕಾರ ಕಾಯ್ದಿಟ್ಟ ರಿಜರ್ವು ಕಾಡು. ಅಲ್ಲಿ ಕೋವಿ ಹಾರಿಸಿದರೆ ಲೈಸೆನ್ಸು ರದ್ದು, ಕೋವಿ ಜಪ್ತಿ, ಮೇಲೆ ಜೈಲು. ಇದು ಊರ ಕೂಸಿಗೂ ಗೊತ್ತಿದ್ದ ಸಂಗತಿ.

ತಮಟೆಯವರು ಕಾಡು ಸೋವಿ ಜಿಂಕೆ ಎಬ್ಬಿಸಲು ಒಂದು ಕಡೆಯಿಂದ ಹೊರಟರು. ಜವರಯ್ಯ ಸೀಗೆಮೆಳೆಯ ಹಿಂದೆ ಬೋರಲು ಮಲಗಿದ, ಕೈಯಲ್ಲಿ ಸನ್ನೆ ಕೋವಿ. ಕಲ್ಲಯ್ಯ ಎಡಕ್ಕೆ, ದೊಡ್ಡಸಿದ್ದಯ್ಯ ಬಲಕ್ಕೆ. ಸ್ವಲ್ಪ ಹೊತ್ತಿಗೇ ಒಂದು ಜಿಂಕೆ ಬಂದು ಎದುರಿಗೇ ನಿಂತಿತು. ಜವರಯ್ಯ ಉಸಿರು ಬಿಗಿಹಿಡಿದು ತೋಟಾ ಏರಿಸಲು ಸನ್ನೆಯನ್ನು ಕೆಳಕ್ಕೆ ಒತ್ತಿದ. ಸನ್ನೆ ನೆಲಕ್ಕೆ ತಗುಲಿತು. ಮಲಗಿದವನಿಗೆ ಕೆಳಗೆ ಜಾಗವೆಲ್ಲಿ? ಕೋವಿಯನ್ನು ಮೇಲೆತ್ತಿ ಒತ್ತಿದ. ಈಗ ಸೀಗೆಯ ಬಳ್ಳಿಯೊಂದು ಬಳೆಯೊಳಗೆ ಸಿಕ್ಕಿಕೊಂಡಿತು. ಸನ್ನೆ ಮೇಲಕ್ಕೆ ತಂದರೆ ಬಳ್ಳಿಯೂ ಬಂತು, ಬಳ್ಳಿಯ ಜೊತೆ ಮೆಳೆಯೂ ಬಂತು, ಮುಳ್ಳು ಕಿವಿಗೆ, ಮೂಗಿಗೆ, ಬರಿದಲೆಗೆ ಕಚ್ಚಿದವು. "ಅಯ್ಯಯ್ಯೋ!" ಅಂದ. ಜಿಂಕೆ ಕತ್ತು ಓರೆ ಮಾಡಿ ಈ ಸಂಭ್ರಮವನ್ನೆಲ್ಲ ನೋಡಿ ಆಮೇಲೆ ಹೋಯಿತು.

"ಸುಳಿ ಅದೆ ಅಂತ ನಾನು ಬೆಳಿಗ್ಗೇನೇ ಬಡ್ಕೊಂಡೆ," ಅಂದ ದೊಡ್ಡಸಿದ್ದಯ್ಯ ಪರಮ ತೃಪ್ತಿಯಿಂದ.

"ಮಲಗಿ ಒಡೆಯೋದಕ್ಕಲ್ಲ ಸನ್ನೆ ಕೋವಿ ಇರೋದು. ಕುಂತ್ಕೊಂಡು ಒಡೀಬೇಕು," ಅಂದ ಕಲ್ಲಯ್ಯ.

"ಅದ ಮೊದ್ಲೇ ಯೇಳಾಕೇನಾಗಿತ್ತು ನಿಂಗೆ?"

"ನೀನು ಕೇಳ್ಲಿಲ್ಲ ಭಾವ."

ಮುಳ್ಳು ಕಿತ್ತುಕೊಂಡು ಜವರಯ್ಯ ಜಗ್ಗು ಕೋವಿ ಹಿಡಿದ. ಮುಂದಿನ ಸುತ್ತಿಗೆ ಎರಡು ಜಿಂಕೆ ಒಟ್ಟಿಗೇ ಬಂದವು. ಈ ಸಲ ಬಿಡಬಾರದು ಎಂದು ಹಲ್ಲು ಕಚ್ಚಿ ಹಿಡಿಯನ್ನು ಜಗ್ಗಿದ. ಜಗ್ಗುವ ಕೆಲಸ ಅವನಿಗೆ ಹೊಸದಲ್ಲ. ಎಳೆವಯಸ್ಸಿನಲ್ಲಿ ಊರ ಕುಲುಮೆಯಲ್ಲಿ ಕೂತು ವರ್ಷಗಟ್ಟಲೆ ತಿದಿ ಜಗ್ಗಿದ ಕೈ ಅದು. ಕೈಗೆ ಹಳೆಯ ಲಯ ನೆನಪಾಗಿಬಿಟ್ಟಿತು. ಜಗ್ಗಿದ, ನೂಕಿದ, ಜಗ್ಗಿದ, ನೂಕಿದ. ಒಂದೊಂದು ಜಗ್ಗಿಗೂ ಒಂದೊಂದು ತೋಟಾ ಸಿಡಿಯದೆಯೇ ಟಣ್ಣನೆ ಹಾರಿ ದೊಡ್ಡಸಿದ್ದಯ್ಯನ ಮಡಿಲಿಗೆ ಬಿದ್ದಿತು. ಕೊನೆಗೆ ಗುರಿಯಿಟ್ಟು ಕುದುರೆ ಎಳೆದಾಗ ಕೋವಿ "ಟಿಕ್" ಎಂದಿತು. ಜಿಂಕೆಗಳು ಮೊದಲನೆಯ ಲಟಲಟ ಸದ್ದಿಗೇ ಗುಡ್ಡ ಹತ್ತಿದ್ದವು.

"ಬೆಂಕಿ ಚೆಂದಾಗಿ ಹತ್ತಿತಾ ಭಾವ? ನೇಗಿಲ ಕುಳ ಕಾಯಿಸ್ಲಾ?" ಎಂದು ಕಲ್ಲಯ್ಯ ಕೇಳಿದ.

"ಕೋವೀದು ತಪ್ಪಲ್ಲ, ಕೈಯ್ದು," ಅಂದ ದೊಡ್ಡಸಿದ್ದಯ್ಯ ಮಡಿಲಿನ ತೋಟಾಗಳನ್ನು ಆರಿಸಿ ಮತ್ತೆ ಕೋವಿಗೆ ತುಂಬಿ ಏರಿಸುತ್ತ.

ಬಿಸಿಲು ನೆತ್ತಿ ಸುಡುತ್ತಿತ್ತು, ಅದೂ ರುಮಾಲಿಲ್ಲದ ನೆತ್ತಿಯನ್ನು. ಇನ್ನು ಸಿಕ್ಕುವುದು ಒಂದು ಸುತ್ತು, ಹೆಚ್ಚೆಂದರೆ ಎರಡು. ಕಾಡಿನ ನಡುವೆ ಮಾರಮ್ಮನ ಕಲ್ಲೊಂದಿತ್ತು. ಜವರಯ್ಯ ಹೋಗಿ ಅಡ್ಡಬಿದ್ದು, ಕಾಡುಹೂ ಎರಡನ್ನು ನೀರಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೂ ಅಂಟಿಸಿದ.

"ತಾಯಿ, ನನ್ ಬುದ್ಧಿ ಸೋತೋಯ್ತು. ಮಗಳ ಬಾಳು ನಿನ್ ಕೈಲದೆ. ಸನ್ನೆ ಕೋವಿ ಇಡೀಬೇಕಾದ್ರೆ ಬಲಗಡೆ ಹೂ ಕೊಡು. ಜಗ್ಗು ಕೋವಿ ಇಡೀಬೇಕಾದ್ರೆ ಎಡಗಡೆ ಹೂ ಕೊಡು."

ಎಲ್ಲರೂ ಉಸಿರು ಬಿಡದೆ ಕಾದರು. ಒಂದು ಹೂ ಮೆಲ್ಲಗೆ ಜಾರಿ ಕೆಳಕ್ಕೆ ಬಿತ್ತು.

"ಬಲಗಡೆ!" ಎಂದು ಕಲ್ಲಯ್ಯ ಕುಣಿದ.

"ಎಡಗಡೆ ಕಣ್ಲಾ. ಅಮ್ಮ ಕುಂತಿರೋದು ನಮ್ಮ ಕಡೆ ಮುಖ ಮಾಡ್ಕೊಂಡು. ನಮ್ಮ ಬಲ ಅವಳಿಗೆ ಎಡ," ಅಂದ ದೊಡ್ಡಸಿದ್ದಯ್ಯ.

"ಕೇಳಿದೋರು ನಾವು. ನಮ್ಮ ಬಲಾನೇ ಬಲ."

"ಕೊಟ್ಟೋಳು ಅವಳು. ಅವಳ ಬಲಾನೇ ಬಲ."

ತಮಟೆಯವರೂ ಬಂದು ಸೇರಿದರು. ಒಬ್ಬ ಅಮ್ಮನ ಕಲ್ಲಿನ ಹಿಂದೆ ಹೋಗಿ ನಿಂತು ತನ್ನ ಬಲಗೈ ಎತ್ತಿ ತೋರಿಸಿದ. ಇನ್ನೊಬ್ಬ, ಅಮ್ಮನ ಮುಖ ಯಾವ ಕಡೆಗಿದೆ ಅಂತ ಕಂಡವರು ಯಾರು, ಅದು ಬರೀ ಕಲ್ಲಲ್ಲವೇ, ಅಂದುಬಿಟ್ಟು ಎಲ್ಲರ ಕೈಲೂ ಬೈಸಿಕೊಂಡ. ಜವರಯ್ಯ ಎರಡೂ ಕಡೆ ನೋಡಿದ. ವರ್ಷವೆಲ್ಲ ಕಿವಿಗೆ ಬಿದ್ದ ಬುದ್ಧಿವಾದಗಳೆಲ್ಲ ಒಟ್ಟಿಗೆ ತಲೆಗೇರಿದವು.

"ಬಾಯ್ ಮುಚ್ರೋ!" ಎಂದು ಗುಡುಗಿದ. "ನಿಮ್ಮ ಬಲಾನೂ ಬ್ಯಾಡ, ಎಡಾನೂ ಬ್ಯಾಡ. ನಾನೊಬ್ನೇ ಓಗ್ತೀನಿ. ಹಿಂದೆ ಬಂದೋನ್ನ ಜಿಂಕೆ ಅಂತ್ಲೇ ತಿಳ್ಕೋತೀನಿ!"

ಎರಡು ಕೈಗೆ ಎರಡು ಕೋವಿ ಹಿಡಿದು ದುಡುದುಡು ಹೊರಟ. ಕೋಪದಲ್ಲಿ ನಡೆದವನಿಗೆ ದಾರಿ ಕಾಣುವುದಿಲ್ಲ. ಕಾಲಿಗೆ ತಣ್ಣಗೆ ನೀರು ತಗುಲಿದ್ದೂ ತಿಳಿಯಲಿಲ್ಲ, ಅದು ಬೇಸಗೆಯ ಹಳ್ಳ, ಹಿಮ್ಮಡಿ ಮುಳುಗುವಷ್ಟೇ ಇತ್ತು.

ಬಿದಿರು ಮೆಳೆಯ ತಿರುವಿನಲ್ಲಿ ಅವನಿಗೆ ಜಿಂಕೆ ಕಂಡಿತು. ಕವಲು ಕವಲಾದ ಕೊಂಬಿನ ಗಂಡುಜಿಂಕೆ. ನೆರಳಲ್ಲಿ ನಿಂತು ಕಿವಿ ಆಡಿಸುತ್ತಿತ್ತು. ಜವರಯ್ಯ ಯೋಚಿಸಲಿಲ್ಲ. ಯೋಚಿಸದೆ ಇದ್ದುದರಿಂದಲೇ ಎಲ್ಲ ಸರಿಯಾಯಿತು. ಒಂದು ಕೋವಿಯನ್ನು ಮರಕ್ಕೆ ಒರಗಿಸಿ ಇನ್ನೊಂದರಲ್ಲಿ ಹೊಡೆದ. ಜಿಂಕೆ ನೆಗೆಯಿತು. ಒಂದೇ ಕೋವಿಯಲ್ಲಿ ಎಷ್ಟು ಗುಂಡು ಬೇಕಾದರೂ ಹೊಡೆಯಬಹುದು ಎಂದಲ್ಲವೇ ಇಷ್ಟೆಲ್ಲ ರಂಪ? ಆದರೆ ಹಳೆಯ ಕೇಪಿನ ಕೋವಿಯ ಅಭ್ಯಾಸ, ಒಂದು ಹೊಡೆದ ಮೇಲೆ ಕೋವಿ ಖಾಲಿ ಅನ್ನುವುದು ಅವನ ಕೈಗೆ ಗೊತ್ತಿದ್ದ ವೇದ. ಅದನ್ನು ಕೆಳಕ್ಕೆ ಹಾಕಿ ಮರಕ್ಕೆ ಒರಗಿಸಿದ್ದನ್ನು ಎತ್ತಿ ಇನ್ನೊಂದು ಹೊಡೆದ. ಜಿಂಕೆ ಬಿತ್ತು.

ಜವರಯ್ಯ ಹತ್ತಿರ ಹೋಗಿ ನೋಡಿದ. ಕೊಂಬು ಮುಟ್ಟಿದ. ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತ. ಒಂದು ವರ್ಷದ ಬಿಸಿಲು, ಮಳೆ, ನಗು, ಎಲ್ಲ ಕಣ್ಣಿಂದ ಇಳಿದುಹೋಯಿತು.

ಗುಂಡಿನ ಸದ್ದಿಗೆ ಎಲ್ಲರೂ ಓಡಿಬಂದರು. ತಮಟೆ ಬಡಿದರು, ಕೇಕೆ ಹಾಕಿದರು, ಜವರಯ್ಯನನ್ನು ಎತ್ತಿ ಕುಣಿಸಿದರು. ಕಲ್ಲಯ್ಯ ಕೆಂಪಂಚಿನ ರುಮಾಲನ್ನು ಕೊಡವಿ ಬಿಡಿಸಿದ. ಸುತ್ತಬೇಕು, ಅಷ್ಟರಲ್ಲಿ ಕೇಳಿದ: "ಭಾವ, ಯಾವ್ದರಲ್ಲಿ ಒಡೆದೆ?"

"ಎರಡ್ರಲ್ಲೂ."

ಜಿಂಕೆಯ ಮೈ ತಿರುಗಿಸಿ ನೋಡಿದರು. ಗಾಯ ಒಂದೇ.

"ಮೊದ್ಲು ಯಾವ್ದರಲ್ಲಿ ಒಡೆದೆ, ಆಮೇಲೆ ಯಾವ್ದರಲ್ಲಿ?"

ಜವರಯ್ಯ ಎರಡು ಕೋವಿಗಳನ್ನೂ ತಂದು ಕಾಲ ಬಳಿ ಹಾಕಿ ನೋಡಿದ. "ನೆನಪಿಲ್ಲ," ಅಂದ.

"ನೆನಪಿಲ್ವಾ! ಕೊಂದ ಕೋವೀನ ಶಂಭುಲಿಂಗಪ್ಪೋರು ಮುಟ್ಟಲ್ಲ. ಯಾವ್ದು ವಾಪಸ್ ಕೊಡ್ತೀಯ?"

"ಒಟ್ನಲ್ಲಿ ಜಿಂಕೆ ಬಿತ್ತಲ್ಲ, ರುಮಾಲು ಸುತ್ರೋ!"

"ಅಂಗೆಲ್ಲಾ ಸುತ್ತಕಾಯ್ತದಾ?" ಎಂದು ದೊಡ್ಡಸಿದ್ದಯ್ಯ ರುಮಾಲಿನ ಒಂದು ತುದಿ ಹಿಡಿದುಕೊಂಡ. "ಜಗ್ಗು ಕೋವೀಲಿ ಬಿದ್ದಿದ್ರೆ ನಾನು ಸುತ್ಬೇಕು. ಹೋದ್ವರ್ಷ ರುಮಾಲು ಕಳ್ಕೊಂಡೋನು ನಾನು."

"ಸನ್ನೆ ಕೋವೀಲಿ ಬಿದ್ದಿರೋದು. ಸುತ್ತೋನು ನಾನು. ಅಕ್ಕ ಕೊಟ್ಟಿರೋದು ನನ್ ಕೈಗೆ," ಎಂದು ಕಲ್ಲಯ್ಯ ಇನ್ನೊಂದು ತುದಿ ಎಳೆದ.

ರುಮಾಲು ಇಬ್ಬರ ನಡುವೆ ಹಗ್ಗವಾಯಿತು. ಸನ್ನೆ ಪಕ್ಷ ಒಂದು ಕಡೆ ಕೂಗಿತು, ಜಗ್ಗು ಪಕ್ಷ ಇನ್ನೊಂದು ಕಡೆ ಕೂಗಿತು, ತಮಟೆಯವರು ಎರಡು ಪಕ್ಷಕ್ಕೂ ಬಡಿದರು. ನಡುವೆ ಜವರಯ್ಯ ತಲೆ ಬಗ್ಗಿಸಿಕೊಂಡು, ಯಾರಾದರೂ ಸುತ್ತಲಿ ಎಂದು ಕಾದು ನಿಂತಿದ್ದ. ಈ ಗದ್ದಲ ಆ ಗುಡ್ಡದಾಚೆಗೂ ಕೇಳುತ್ತಿತ್ತು.

"ಯಾರಲ್ಲಿ? ಇದು ರಿಜರ್ವು ಅಂತ ಗೊತ್ತಿಲ್ಲವೇನು?"

ಬಿದಿರಿನ ಆಚೆ ರೇಂಜರು ಪುಟ್ಟರಾಜೇ ಅರಸರು ನಿಂತಿದ್ದರು, ಹಿಂದೆ ಇಬ್ಬರು ಗಾರ್ಡುಗಳು. ಆಗ ಎಲ್ಲರ ಕಣ್ಣೂ ಹಿಂದಿನ ಹಳ್ಳದ ಕಡೆಗೆ ಹೊರಳಿತು. ತಮಟೆ ನಿಂತಿತು. ಕಲ್ಲಯ್ಯ ರುಮಾಲನ್ನು ಮಿಂಚಿನ ಹಾಗೆ ಕಂಬಳಿಯೊಳಗೆ ತುರುಕಿಕೊಂಡ.

"ಯಾರು ಹೊಡೆದದ್ದು ಇದನ್ನ?"

ರೇಂಜರು ಜವರಯ್ಯನ ಕಾಲ ಬಳಿ ಬಿದ್ದಿದ್ದ ಎರಡು ಕೋವಿಗಳನ್ನು ನೋಡಿದರು. "ನೀನೇನು?"

ಜವರಯ್ಯನ ಕಣ್ಣ ಮುಂದೆ ಜೈಲಿನ ಬಾಗಿಲು ತೆರೆಯಿತು, ಬನ್ನೂರಿನ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಕಲ್ಲಯ್ಯ ಮುಂದೆ ಬಂದು ಕೈಮುಗಿದ.

"ಬುದ್ಧಿ, ಇವನ ತಲೆ ನೋಡಿ. ಇವ್ನು ಬರಿದಲೆ ಜವರಯ್ಯ. ಜಿಂಕೆ ಒಡೆಯೋಗಂಟ ರುಮಾಲು ಸುತ್ತಲ್ಲ ಅಂತ ಮಾರಮ್ಮನಾಣೆ ಇಟ್ಟವ್ನೆ. ಇವ್ನು ಒಡೆದಿದ್ರೆ ತಲೆ ಬರಿದಾಗಿರ್ತಿತ್ತಾ? ಯಾರೋ ಕಳ್ಳ ಬ್ಯಾಟೆಗಾರ್ರು ಒಡೆದು ಓಡೋದ್ರು. ನಾವು ಸದ್ದು ಕೇಳಿ ಬಂದ್ವು."

"ಹೌದು ಬುದ್ಧಿ! ಒಡೆದಿದ್ರೆ ಆ ಗಳಿಗೇಲೇ ರುಮಾಲು ಸುತ್ತಿರ್ತಿದ್ದ!" ಎಂದ ದೊಡ್ಡಸಿದ್ದಯ್ಯ. ಬೆಳಗಿನಿಂದ ಅವರಿಬ್ಬರೂ ಒಪ್ಪಿದ್ದು ಇದೊಂದೇ ಮಾತಿಗೆ. ಊರಿಗೆ ಊರೇ ಸಾಕ್ಷಿ ಹೇಳಿತು.

ರೇಂಜರಿಗೂ ಬರಿದಲೆ ಜವರಯ್ಯನ ಕತೆ ಗೊತ್ತಿತ್ತು. ಯಾರಿಗೆ ಗೊತ್ತಿರಲಿಲ್ಲ? "ನೀನೇ ಹೇಳು ಗೌಡ. ನೀನು ಹೊಡೆದೆಯೋ, ಇಲ್ಲವೋ?"

ಒಂದು ವರ್ಷ ಬಿಸಿಲಲ್ಲಿ ಬೆಂದು ಪಡೆದ ಜಿಂಕೆ ಕಾಲ ಬಳಿ ಬಿದ್ದಿತ್ತು. "ನಾನು ಒಡೆದಿಲ್ಲ ಬುದ್ಧಿ," ಅಂದ ಜವರಯ್ಯ.

"ಸರಿ. ಹಾಗಾದರೆ ಇದು ಸರ್ಕಾರದ ಸ್ವತ್ತು. ಸಾಗಿಸೋದಕ್ಕೆ ನಿನ್ನ ಗಾಡಿ ಬೇಕು, ನಡಿ."

ಹೊತ್ತು ಇಳಿಯುವಾಗ ಬೇಟೆಯವರು ಊರಿಗೆ ಬಂದರು. ಜಗಲಿಯ ಮೇಲೆ ಬನ್ನೂರಿನ ಕರಿಯಪ್ಪ ನೆಂಟರೊಂದಿಗೆ ಕೂತಿದ್ದ. ಹೊತ್ತು ಬಂದ ಜಿಂಕೆಯನ್ನು ಕಂಡು ಅವನ ಮುಖ ಅರಳಿತು. ಜವರಯ್ಯನ ತಲೆ ಕಂಡು ಗಂಟಿಕ್ಕಿತು.

"ಏನ್ ಬೀಗ್ರೇ, ಜಿಂಕೆ ಒಡೆದ್ರೋ, ಇಲ್ವೋ?"

ಜವರಯ್ಯ ಪಕ್ಕಕ್ಕೆ ನೋಡಿದ. ರೇಂಜರು ಅಲ್ಲೇ ನಿಂತು ಚಿನ್ನಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದರು.

"ಇಲ್ಲ," ಅಂದ.

ಕರಿಯಪ್ಪ ಎದ್ದು ಹೆಗಲ ವಸ್ತ್ರ ಕೊಡವಿದ. ಬಾಗಿಲ ಹಿಂದೆ ಮುತ್ತಮ್ಮ ಬಿಕ್ಕಿದ್ದು ಎಲ್ಲರಿಗೂ ಕೇಳಿತು. ಆಗ ಚಿನ್ನಮ್ಮ ಅಡ್ಡ ಬಂದು ನಿಂತಳು. "ತಡೀರಿ ಅಣ್ಣ. ಸೋದರಮಾವ ಅನ್ನೋನು ತಂದೆ ಸಮ. ಕಲ್ಲ, ಎಲ್ಲಿ ಆ ರುಮಾಲು? ನೀನೇ ಸುತ್ಕೊಂಡು ಕುಂತ್ಕೋ. ವೀಳ್ಯ ನೀನು ಕೊಡು."

ಕರಿಯಪ್ಪ ಗಡ್ಡ ಕೆರೆದುಕೊಂಡು ಯೋಚಿಸಿದ. "ನಾನು ಕೇಳಿದ್ದು ರುಮಾಲು. ರುಮಾಲಿದ್ರಾಯ್ತು ಬುಡವ್ವ, ತಲೆ ಯಾರ್ದಾದ್ರೇನು."

ಕಲ್ಲಯ್ಯ ಕಂಬಳಿಯಿಂದ ಕೆಂಪಂಚಿನ ರುಮಾಲು ತೆಗೆದು ತನ್ನ ತಲೆಗೆ ಸುತ್ತಿಕೊಂಡ. ದೊಡ್ಡಸಿದ್ದಯ್ಯ ಸರಿಮಾಡಿದ. ಬಾಡಿಗೆಂದು ಅರೆದ ಮಸಾಲೆಗೆ ಬದನೆಕಾಯಿ ಬಿತ್ತು. ಜವರಯ್ಯನ ಮಗಳ ವೀಳ್ಯಶಾಸ್ತ್ರ ಕಲ್ಲಯ್ಯನ ಕೈಯಲ್ಲಿ ಮುಗಿಯಿತು. ಮಗಳ ಮದುವೆ ಗೊತ್ತಾದದ್ದಕ್ಕೆ ಜವರಯ್ಯನಿಗೆ ಸಮಾಧಾನವೇ, ಸುಳ್ಳು ಹೇಳಬಾರದು. ಆದರೂ ಅವನು ದನದ ಗೋದಲಿಯ ಪಕ್ಕ, ಯಾವುದನ್ನೂ ವಾಪಸ್ ಕೊಡಲಾಗದ ಎರಡು ಕೋವಿಗಳ ನಡುವೆ ಹೋಗಿ ಕೂತ.

ರೇಂಜರು ಅಲ್ಲಿಗೆ ಬಂದರು. "ಒಂದೇ ಗುಂಡು ಕಣಯ್ಯ," ಎಂದು ಮೆಲ್ಲಗೆ ಹೇಳಿದರು. "ಹೆಗಲ ಹಿಂದೆ, ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿದೆ. ಇಂಥ ಕೈ ನಾನು ಈ ಸೀಮೆಯಲ್ಲೇ ಕಂಡಿಲ್ಲ."

ಜವರಯ್ಯನ ಎದೆ ಉಬ್ಬಿತು. ಮಾತು ತುಟಿಯವರೆಗೆ ಬಂತು. ಕಷ್ಟಪಟ್ಟು ನುಂಗಿದ. "ಯಾರ ಕೈಯೋ ಬುದ್ಧಿ. ನಂದಲ್ಲ."

"ಅಲ್ಲ ಬಿಡು. ನಿನ್ನ ತಲೆಯೇ ಸಾಕ್ಷಿ ಹೇಳ್ತಾ ಇದೆಯಲ್ಲ. ಇಡೀ ಊರು ನನ್ನ ಮುಂದೆ ಆಣೆ ಮಾಡಿದೆ, ಜಿಂಕೆ ಹೊಡೆದರೆ ಜವರಯ್ಯ ಸುತ್ತದೆ ಇರೋನಲ್ಲ ಅಂತ. ನಾನು ಈ ಕಡೆ ಬರ್ತಾ ಇರ್ತೀನಿ. ನಿನ್ನ ತಲೆ ಮೇಲೆ ರುಮಾಲು ಕಂಡ ದಿನ, ಇವತ್ತಿನ ಜಿಂಕೆ ಹೊಡೆದವನು ಸಿಕ್ಕ ಅಂತ ತಿಳ್ಕೋತೀನಿ."

ಜವರಯ್ಯ ಕಣ್ಣು ಬಿಟ್ಟುಕೊಂಡು ನೋಡಿದ. "ಬರೋ ವರ್ಷ ಹಳ್ಳದ ಈಚೆ ನ್ಯಾಯವಾಗಿ ಒಂದು ಒಡೆದ್ರೆ ಬುದ್ಧಿ?"

"ಹೊಡಿ, ಬೇಡ ಅಂದವರಾರು? ಆದರೆ ಅದೇ ನಿನ್ನ ಮೊದಲನೇ ಜಿಂಕೆ ಅಂತ ನನಗೆ ರುಜುವಾತು ಮಾಡಿ ಆಮೇಲೆ ಸುತ್ಕೋ."

ರೇಂಜರು ಗಾಡಿಯ ಕಡೆ ನಡೆದರು. ಅಷ್ಟರಲ್ಲಿ ಕಲ್ಲಯ್ಯ ಬಾಯಿತುಂಬ ಎಲೆಯಡಿಕೆ, ತಲೆತುಂಬ ರುಮಾಲು ಹೊತ್ತು ಗೋದಲಿಯ ಹತ್ತಿರ ಬಂದ. ಹಿಂದೆಯೇ ದೊಡ್ಡಸಿದ್ದಯ್ಯ.

"ಭಾವ, ಈಗ್ಲಾದ್ರೂ ಯೇಳ್ಬುಡು. ಜಿಂಕೆ ಬಿದ್ದದ್ದು ಸನ್ನೆ ಕೋವೀಲಿ ಅಲ್ವಾ?"

"ಜಗ್ಗು ಕೋವೀಲಿ ಕಣ್ಲಾ, ಯೇಳು ಜವರ."

ಗಾಡಿಯ ಬಳಿ ಗಾರ್ಡುಗಳು ಕಿವಿ ನಿಮಿರಿಸಿದರು. ಜವರಯ್ಯ ಧಿಗ್ಗನೆ ಎದ್ದು, ಬೀದಿಯ ಕೊನೆಗೂ ಕೇಳುವ ಹಾಗೆ ಎದೆ ಬಡಿದುಕೊಂಡು ಕೂಗಿದ: "ನಾನು ಹುಟ್ಟಿದಾಗಿಂದ ಒಂದು ಜಿಂಕೇನೂ ಒಡೆದಿಲ್ಲ ಕಣ್ರೋ!"

ಗಾಡಿಯ ಮುಂದೆ ಹೊರಟಿದ್ದ ರೇಂಜರು ತಿರುಗಿ ನೋಡಿದರು. ತಮ್ಮ ತಲೆಯ ಟೋಪಿಯನ್ನು ಅವನ ಕಡೆಗೆ ಒಂದಿಷ್ಟು ಎತ್ತಿ, ಮತ್ತೆ ಇಟ್ಟುಕೊಂಡು ಹೋದರು.